ಹೆಸರು ಕೆಟ್ಟದ್ದು ಯಾವ ಊರಿನಲ್ಲಿ?

ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿ ಒಬ್ಬ ಅಡಿಕೆ ವ್ಯಾಪಾರಿ ಇದ್ದಾನೆ ಎಂದುಕೊಳ್ಳೋಣ. ಕಲ್ಪನೆಯ ಮನುಷ್ಯ, ಆದರೆ ಅಂಥವರು ನಮ್ಮ ಕಡೆ ಊರೂರಲ್ಲಿ ಇದ್ದಾರೆ. ಅವನ ಬಂಡವಾಳದಲ್ಲಿ ದುಡ್ಡು ಅರ್ಧ, ಹೆಸರು ಅರ್ಧ. ರೈತರು ಅಡಿಕೆ ತಂದು ಹಾಕಿ ತೂಕದ ಚೀಟಿಯನ್ನೂ ಸರಿಯಾಗಿ ನೋಡದೆ ಮನೆಗೆ ಹೋಗುತ್ತಾರೆ. ಹಣ ತಿಂಗಳು ತಡವಾದರೂ ಅನುಮಾನ ಪಡುವುದಿಲ್ಲ. ಒಂದು ದಿನ ಶಿಕಾರಿಪುರದಲ್ಲಿರುವ ಯಾರೋ ಒಬ್ಬರು ಮೊಬೈಲಿನಲ್ಲಿ ಮೂರು ನಿಮಿಷದ ವಿಡಿಯೊ ಮಾಡಿ, ಈತ ತೂಕದಲ್ಲಿ ಮೋಸ ಮಾಡುತ್ತಾನೆ ಎಂದು ಹೇಳಿ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಿಡುತ್ತಾರೆ. ಸಂಜೆಯೊಳಗೆ ಅದು ಆನವಟ್ಟಿ, ಬನವಾಸಿ, ಸಾಗರ ದಾಟಿ ಬೆಂಗಳೂರಿನಲ್ಲಿರುವ ನೆಂಟರ ತನಕ ಹೋಗುತ್ತದೆ. ಆರೋಪ ಸುಳ್ಳು. ವ್ಯಾಪಾರಿ ವಕೀಲರ ಮನೆ ಬಾಗಿಲು ತಟ್ಟುತ್ತಾನೆ. ಏನು ಹೇಳಿದರು, ಸಾಕ್ಷಿ ಯಾರು ಎಂದೆಲ್ಲ ಕೇಳಿದ ಮೇಲೆ ವಕೀಲರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ದಾವೆ ಎಲ್ಲಿ ಹಾಕೋಣ?

ಹೊರಗಿನವರಿಗೆ ಇದು ಗುಮಾಸ್ತರ ಮಟ್ಟದ ಪ್ರಶ್ನೆಯಂತೆ ಕಾಣುತ್ತದೆ. ಸೊರಬದಲ್ಲೂ ನ್ಯಾಯಾಲಯವಿದೆ, ಶಿಕಾರಿಪುರದಲ್ಲೂ ಇದೆ. ಎಲ್ಲಿ ಹಾಕಿದರೇನು ಎಂದು ಅನ್ನಿಸಬಹುದು. ಆದರೆ ಮಾನನಷ್ಟದ ವ್ಯಾಜ್ಯದಲ್ಲಿ ಎಲ್ಲಿ ಎಂಬ ಪ್ರಶ್ನೆಯೇ ಎಷ್ಟೋ ಸಲ ಯಾರು ಗೆಲ್ಲುತ್ತಾರೆ ಎಂಬುದನ್ನು ತೀರ್ಮಾನಿಸುತ್ತದೆ. ಮುನ್ನೂರು ಕಿಲೋಮೀಟರಿಗೂ ದೂರದ ಊರಿಗೆ ಎರಡು ತಿಂಗಳಿಗೊಮ್ಮೆ ವಾಯಿದೆಗೆ ಹೋಗಬೇಕಾದ ಮನುಷ್ಯ ತೀರ್ಪು ಬರುವ ಮೊದಲೇ ಸೋತಿರುತ್ತಾನೆ.

ಜಮೀನಿನ ವ್ಯಾಜ್ಯದಲ್ಲಿ ಈ ತೊಡಕಿಲ್ಲ. ಗದ್ದೆ ಎಲ್ಲಿದೆಯೋ ಅಲ್ಲಿನ ನ್ಯಾಯಾಲಯ. ಹೊಡೆದಾಟವಾದರೆ ಏಟು ಬಿದ್ದ ಜಾಗ. ಮಾತಿಗೆ ಹಾಗೆ ಒಂದು ಸರ್ವೆ ನಂಬರ್ ಇಲ್ಲ. ಬಾಯಿ ಶಿಕಾರಿಪುರದ್ದು, ಕಿವಿ ಕುಪ್ಪಗಡ್ಡೆಯದು. ಒಬ್ಬನ ಬಗ್ಗೆ ಕೆಟ್ಟ ಮಾತನ್ನು ಬಚ್ಚಲಮನೆಯಲ್ಲಿ ಗಟ್ಟಿಯಾಗಿ ಹೇಳಿಕೊಂಡರೆ ಮಾನನಷ್ಟವಾಗುವುದಿಲ್ಲ. ಮೂರನೆಯವನೊಬ್ಬ ಕೇಳಬೇಕು, ಓದಬೇಕು. ಕಾನೂನು ಇದನ್ನೇ ಪ್ರಕಟಣೆ ಎನ್ನುತ್ತದೆ. ಹಾಗಾಗಿ ಓದುಗ ಇರುವಲ್ಲೆಲ್ಲ ಕೆಡುಕು ನಡೆದಂತೆ, ಕೆಡುಕು ನಡೆದಲ್ಲೆಲ್ಲ ಒಂದು ನ್ಯಾಯಾಲಯಕ್ಕೆ ಅಧಿಕಾರ ಬಂದಂತೆ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಕಲಮು ಈ ವಿಚಾರದ ಬುಡ. ವ್ಯಕ್ತಿಗೆ ಆದ ಕೆಡುಕಿಗೆ ಪರಿಹಾರ ಕೇಳುವ ದಾವೆಯನ್ನು ಕೆಡುಕು ನಡೆದ ಜಾಗದಲ್ಲಿ ಹಾಕಬಹುದು. ಇಲ್ಲವೇ ಪ್ರತಿವಾದಿ ವಾಸಿಸುವ, ವ್ಯವಹಾರ ನಡೆಸುವ, ದುಡಿಯುವ ಜಾಗದಲ್ಲಿ ಹಾಕಬಹುದು. ಆಯ್ಕೆ ವಾದಿಯದು ಎಂದು ಅದು ಹೇಳುತ್ತದೆ. ಕೆಳಗೆ ಒಂದು ಉದಾಹರಣೆಯೂ ಇದೆ. ದೆಹಲಿಯಲ್ಲಿ ವಾಸಿಸುವ ಎ ಎಂಬಾತ ಬಿ ಎಂಬಾತನ ಮಾನಕ್ಕೆ ಕುಂದು ತರುವ ಹೇಳಿಕೆಯನ್ನು ಕಲ್ಕತ್ತೆಯಲ್ಲಿ ಪ್ರಕಟಿಸುತ್ತಾನೆ. ಬಿ ಕಲ್ಕತ್ತೆಯಲ್ಲಾದರೂ ದೆಹಲಿಯಲ್ಲಾದರೂ ದಾವೆ ಹೂಡಬಹುದು.

ಈ ನಾಲ್ಕು ಸಾಲಿನ ಉದಾಹರಣೆಯನ್ನು ಇನ್ನೊಮ್ಮೆ ಓದಿ. ಎ ಎಲ್ಲಿ ವಾಸಿಸುತ್ತಾನೆ ಎಂದು ಹೇಳಿದೆ. ಮಾತು ಎಲ್ಲಿ ಅಚ್ಚಾಯಿತು ಎಂದು ಹೇಳಿದೆ. ಹೆಸರು ಕೆಡಿಸಿಕೊಂಡ ಬಿ ಎಲ್ಲಿಯವನು? ಅವನನ್ನು ಬಲ್ಲವರು ಯಾವ ಊರಿನಲ್ಲಿದ್ದಾರೆ? ಆ ಬಗ್ಗೆ ಒಂದು ಅಕ್ಷರವೂ ಇಲ್ಲ. ಪತ್ರಿಕೆಯೊಂದು ಒಂದು ಊರಲ್ಲಿ ಅಚ್ಚಾಗಿ ಹೆಚ್ಚಾಗಿ ಅದೇ ಊರಲ್ಲಿ ಮಾರಾಟವಾಗುತ್ತಿದ್ದ ಕಾಲದಲ್ಲಿ ಈ ಮೌನದಿಂದ ದೊಡ್ಡ ತೊಂದರೆ ಆಗಿರಲಿಕ್ಕಿಲ್ಲ. ಇವತ್ತು ಎಲ್ಲ ತೊಂದರೆಯೂ ಇದೇ ಬಿರುಕಿನಿಂದ ನುಗ್ಗುತ್ತಿದೆ.

ಓದುಗ ಇರುವಲ್ಲೆಲ್ಲ ಕೆಡುಕು ಎಂಬ ತತ್ವವನ್ನು ಎಷ್ಟು ದೂರ ಎಳೆಯಬಹುದು ಎಂಬುದಕ್ಕೆ ಇಂಗ್ಲೆಂಡಿನಲ್ಲಿ ಒಂದು ಹಳೆಯ ಮೊಕದ್ದಮೆ ಇದೆ. ಬ್ರನ್ಸ್‌ವಿಕ್‌ನ ಡ್ಯೂಕ್ ತನ್ನ ಬಗ್ಗೆ 1830ರಲ್ಲಿ ಬಂದ ಲೇಖನವೊಂದರ ಮೇಲೆ ದಾವೆ ಹೂಡಬೇಕೆಂದುಕೊಂಡ. ಅಷ್ಟರಲ್ಲಿ ಹದಿನೇಳು ವರ್ಷ ಕಳೆದು ಕಾಲಮಿತಿ ಮುಗಿದಿತ್ತು. ಆತ ತನ್ನ ಆಳನ್ನೇ ಪತ್ರಿಕೆಯ ಕಚೇರಿಗೆ ಕಳಿಸಿ ಹಳೆಯ ಸಂಚಿಕೆಯ ಒಂದು ಪ್ರತಿ ಕೊಂಡು ತರಿಸಿದ. 1849ರಲ್ಲಿ ನ್ಯಾಯಾಲಯ ಅದನ್ನು ಹೊಸ ಪ್ರಕಟಣೆ ಎಂದು ಒಪ್ಪಿಕೊಂಡಿತು. ಅಲ್ಲಿ ಡ್ಯೂಕ್ ಕೊಂಡುಕೊಂಡದ್ದು ಕಾಲವನ್ನು. ಇವತ್ತು ಅದೇ ಉಪಾಯದಿಂದ ಜಾಗವನ್ನು ಕೊಳ್ಳಬಹುದು. ಬೇಕಾದ ಊರಿನಲ್ಲಿ ಒಬ್ಬ ಪರಿಚಯದವನಿಂದ ಲಿಂಕ್ ತೆರೆಸಿ, ಆತನಿಂದ ಒಂದು ಪ್ರಮಾಣಪತ್ರ ಮಾಡಿಸಿದರೆ ಆ ಊರಿನ ನ್ಯಾಯಾಲಯಕ್ಕೆ ಬಾಗಿಲು ತೆರೆದಂತೆ.

ಇದು ಬರೀ ಊಹೆಯಲ್ಲ. 2011ರಲ್ಲಿ ದೆಹಲಿಯ ‘ಕ್ಯಾರವಾನ್’ ಪತ್ರಿಕೆಯ ಮೇಲೆ ಐಐಪಿಎಂ ಎಂಬ ಮ್ಯಾನೇಜ್‌ಮೆಂಟ್ ಶಿಕ್ಷಣ ಸಂಸ್ಥೆ 50 ಕೋಟಿ ರೂಪಾಯಿಯ ದಾವೆ ಹೂಡಿತು. ಪತ್ರಿಕೆಯೂ ದೆಹಲಿಯದು, ಸಂಸ್ಥೆಯ ಮುಖ್ಯ ನೆಲೆಯೂ ದೆಹಲಿ. ದಾವೆ ಬಿದ್ದದ್ದು ಮಾತ್ರ ಅಸ್ಸಾಮಿನ ಸಿಲ್ಚಾರ್‌ನಲ್ಲಿ. ಪ್ರಕರಣವನ್ನು ದೆಹಲಿಗೆ ತರಿಸಲು ಪತ್ರಿಕೆ ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು. ಸಂಹಿತೆಯ 25ನೇ ಕಲಮಿನ ಪ್ರಕಾರ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ದಾವೆ ವರ್ಗಾಯಿಸುವ ಅಧಿಕಾರ ಇರುವುದು ಆ ನ್ಯಾಯಾಲಯಕ್ಕೆ. ‘ಕ್ಯಾರವಾನ್’ಗೆ ಅಲ್ಲಿಯವರೆಗೆ ಹೋಗುವ ಶಕ್ತಿ ಇತ್ತು. ತಾಲ್ಲೂಕು ಕೇಂದ್ರದಿಂದ ಹೊರಡುವ ನಾಲ್ಕು ಪುಟದ ವಾರಪತ್ರಿಕೆಗೆ ಇರುತ್ತದೆಯೇ?

ಹಾಗಾದರೆ ದಾವೆಯನ್ನು ಪ್ರತಿವಾದಿಯ ಊರಿನಲ್ಲಿ ಮಾತ್ರ ಹಾಕಬೇಕು ಎಂದು ಮಾಡಿದರೆ? ಪತ್ರಕರ್ತ ಮಿತ್ರರು ಹಲವರು ಹೀಗೆ ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಬೆಂಗಳೂರಿನ ಸುದ್ದಿವಾಹಿನಿಯೊಂದು ಕುಪ್ಪಗಡ್ಡೆಯ ಅಂಗನವಾಡಿ ಕಾರ್ಯಕರ್ತೆಯ ಮೇಲೆ ಸುಳ್ಳು ಆರೋಪ ಹೊರಿಸಿ ದಿನವಿಡೀ ಬಿತ್ತರಿಸಿತು ಎಂದಿಟ್ಟುಕೊಳ್ಳಿ. ಆಕೆಯ ಮುಖ ನೋಡಿ ತಲೆ ತಿರುಗಿಸಿಕೊಳ್ಳುವವರು ಬೆಂಗಳೂರಿನವರಲ್ಲ, ಅವಳದೇ ಊರಿನವರು. ಅವಳ ಸಾಕ್ಷಿಗಳೂ ಅಲ್ಲಿಯವರೇ. ಅವಳು ನ್ಯಾಯ ಕೇಳಲು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕು ಎಂದರೆ ಕಾನೂನು ವಾಹಿನಿಯ ಪರ ನಿಂತಂತೆ. ಮಾತು ಓದುಗನಿರುವಲ್ಲಿಗೆ ಹೋಗಿ ಗಾಯ ಮಾಡುತ್ತದೆ ಎಂಬ ಹಳೆಯ ತತ್ವದಲ್ಲಿ ಬಡವರಿಗೆ ದೊಡ್ಡ ರಕ್ಷಣೆ ಇದೆ. ಅದನ್ನು ಕಿತ್ತುಹಾಕಬಾರದು.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಶಿಕಾರಿಪುರ ಕಡೆ ಮುಸುಕಿನ ಜೋಳ ಬೆಳೆಯುವ ರೈತನೊಬ್ಬ, ಇಂಥ ಕಂಪನಿಯ ಬೀಜ ಮೊಳೆಯಲಿಲ್ಲ ಎಂದು ಊರಿನ ಗುಂಪಿನಲ್ಲಿ ಬರೆಯುತ್ತಾನೆ. ಕಂಪನಿ ತನ್ನ ಕಚೇರಿ ಇರುವ ಬೆಂಗಳೂರಿನಲ್ಲಿ ದಾವೆ ಹೂಡಿ ಸಮನ್ಸ್ ಕಳಿಸುತ್ತದೆ. ಹೆಸರು ಬೆಂಗಳೂರಿನಲ್ಲಿದೆ, ನಿಜ. ಬೆಂಗಳೂರಿನ ಗುಮಾಸ್ತನೊಬ್ಬ ಅದನ್ನು ಓದಿದ್ದಾನೆ, ಅದೂ ನಿಜವಿರಬಹುದು. ಆದರೆ ಆ ಬರಹ ನಂಬಿ ಬೀಜ ಕೊಳ್ಳದೆ ಹೋದ ರೈತರು ಶಿಕಾರಿಪುರ, ಸೊರಬದವರು. ಪೆಟ್ಟು ಬಿದ್ದದ್ದೇ ಆದರೆ ಬಿದ್ದದ್ದು ಇಲ್ಲಿ. ಸಾಕ್ಷಿ ಹೇಳಬೇಕಾದ ಹೊಲವೂ ಇಲ್ಲೇ ಇದೆ.

ಈ ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಹೊಳೆಯುವುದು ಇಷ್ಟು: ವಾದಿಯ ಹೆಸರು ನಿಜವಾಗಿ ಬದುಕಿರುವ ಊರು, ಆ ಮಾತನ್ನು ನಿಜವಾಗಿ ಓದಿದವರು ಇರುವ ಊರು, ಇವೆರಡೂ ಕೂಡುವಲ್ಲಿ ನ್ಯಾಯಾಲಯಕ್ಕೆ ಅಧಿಕಾರ ಇರಬೇಕು. ಒಂದೇ ಇದ್ದರೆ ಸಾಲದು. ಹೆಸರಿದ್ದು ಓದುಗನಿಲ್ಲದ ಊರಿನಲ್ಲಿ ಗಾಯವಿಲ್ಲ; ಓದುಗನಿದ್ದು ಹೆಸರಿಲ್ಲದ ಊರಿನಲ್ಲೂ ಗಾಯವಿಲ್ಲ. ಎರಡೂ ಕೂಡುವ ಜಾಗ ಸಿಗದಿದ್ದರೆ ಪ್ರತಿವಾದಿಯ ಊರಿಗೆ ಹೋಗಲಿ.

ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ಅಲ್ಲಿನ ಅತ್ಯುನ್ನತ ನ್ಯಾಯಾಲಯ, 2002ರ ಡಿಸೆಂಬರ್ 10ರಂದು ಡೌ ಜೋನ್ಸ್ ವಿರುದ್ಧ ಗಟ್ನಿಕ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಈ ದಾರಿಯಲ್ಲೇ ಇದೆ ಎಂದು ನನ್ನ ತಿಳಿವಳಿಕೆ. ಅಮೆರಿಕದ ‘ಬ್ಯಾರನ್ಸ್’ ಪತ್ರಿಕೆ ಮೆಲ್ಬರ್ನ್‌ನ ಉದ್ಯಮಿ ಜೋಸೆಫ್ ಗಟ್ನಿಕ್ ಬಗ್ಗೆ ಬರೆಯಿತು. ಸರ್ವರ್ ನ್ಯೂಜೆರ್ಸಿಯಲ್ಲಿತ್ತು, ದಾವೆ ಅಮೆರಿಕದಲ್ಲೇ ನಡೆಯಬೇಕು ಎಂದು ಪ್ರಕಾಶಕರು ವಾದಿಸಿದರು. ಬರಹ ಓದುಗನಿಗೆ ಅರ್ಥವಾಗುವ ರೂಪದಲ್ಲಿ ಎಲ್ಲಿ ಸಿಗುತ್ತದೋ ಅಲ್ಲೇ ಹೆಸರಿಗೆ ಪೆಟ್ಟು ಬೀಳುತ್ತದೆ ಎಂದು ನ್ಯಾಯಾಲಯ ಹೇಳಿತು. ಈ ತೀರ್ಪನ್ನು ಉಲ್ಲೇಖಿಸುವವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಗಟ್ನಿಕ್ ತನ್ನ ವಾಸದ ರಾಜ್ಯವಾದ ವಿಕ್ಟೋರಿಯಾದಲ್ಲಿ ಮಾತ್ರ ದಾವೆ ಹೂಡುವುದಾಗಿ, ಬೇರೆಲ್ಲೂ ಹೂಡುವುದಿಲ್ಲವೆಂದು ಮಾತು ಕೊಟ್ಟಿದ್ದ. ನನಗೆ ಇದು ತೀರ್ಪಿನಷ್ಟೇ ಬೆಲೆಯುಳ್ಳದ್ದು.

ಅರ್ಥವಾಗುವ ರೂಪ ಎಂಬ ಮಾತು ಕನ್ನಡಿಗರಾದ ನಮಗೆ ಇನ್ನೂ ಹತ್ತಿರದ್ದು. ಕನ್ನಡದ ಬರಹಕ್ಕೆ ಓದುಗರ ಒಂದು ಸೀಮೆ ಇದೆ: ಕುಪ್ಪಗಡ್ಡೆಯಿಂದ ಕಾಸರಗೋಡಿನವರೆಗೆ, ಗಡಿಯಾಚೆಯ ಸೊಲ್ಲಾಪುರದಲ್ಲಿ, ಮುಂಬೈಯಲ್ಲಿ, ಕ್ಯಾಲಿಫೋರ್ನಿಯಾದ ಕೆಲವು ಮನೆಗಳಲ್ಲಿ. ಲಿಂಕ್ ಜಗತ್ತಿನ ಯಾವ ಮೂಲೆಯಲ್ಲೂ ತೆರೆಯುತ್ತದೆ, ಬರಹ ತೆರೆಯುವುದು ಕನ್ನಡ ಬಲ್ಲವನಿಗೆ ಮಾತ್ರ. ಕನ್ನಡದ ಲೇಖನವೊಂದರ ಮೇಲೆ ಸಿಲ್ಚಾರ್‌ನಲ್ಲಿ ಯಾರಾದರೂ ದಾವೆ ಹೂಡಿದರೆ, ಇದನ್ನು ಇಲ್ಲಿ ಓದಿ ಅರ್ಥ ಮಾಡಿಕೊಂಡವರು ಯಾರು ಎಂದು ನ್ಯಾಯಾಧೀಶರು ಮೊದಲೇ ಕೇಳಬೇಕು. ಭಾಷೆಯೇ ವ್ಯಾಪ್ತಿಗೆ ಒಂದು ಸಾಕ್ಷ್ಯ.

ಸಿವಿಲ್ ದಾವೆಯಲ್ಲಿ ಹೋಗುವುದು ಹಣ. ಮಾನನಷ್ಟ ನಮ್ಮಲ್ಲಿ ಅಪರಾಧವೂ ಹೌದು. ಅಲ್ಲಿ ಆರೋಪಿಯೇ ಕಟಕಟೆಗೆ ಬರಬೇಕು. ಭಾರತೀಯ ದಂಡಸಂಹಿತೆಯ 499, 500ನೇ ಕಲಮುಗಳಲ್ಲಿ ಇದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಾಗಿದೆ. ಇದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ 2016ರ ಮೇ 13ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಊರಿನ ಪ್ರಶ್ನೆ ಇನ್ನಷ್ಟು ಬಿಗಿಯಾಗಿದೆ.

ಕರ್ನಾಟಕದ ನೆಲದಲ್ಲಿ ಆಡಿದ ಒಂದು ಮಾತೇ ಇದಕ್ಕೆ ದೇಶದಲ್ಲಿ ಅತಿ ದೊಡ್ಡ ಉದಾಹರಣೆ. 2019ರ ಏಪ್ರಿಲ್ 13ರಂದು ಕೋಲಾರದ ಚುನಾವಣಾ ಸಭೆಯಲ್ಲಿ ರಾಹುಲ್ ಗಾಂಧಿ ಮೋದಿ ಎಂಬ ಅಡ್ಡಹೆಸರಿನ ಬಗ್ಗೆ ಮಾತಾಡಿದರು. ದೂರು ಕೊಟ್ಟವರು ಸೂರತ್‌ನ ಶಾಸಕ ಪೂರ್ಣೇಶ್ ಮೋದಿ, ವಿಚಾರಣೆ ನಡೆದದ್ದೂ ಸೂರತ್‌ನಲ್ಲಿ. ಅದೇ ಭಾಷಣಕ್ಕೆ ಪಟ್ನಾದಲ್ಲೂ ರಾಂಚಿಯಲ್ಲೂ ಬೇರೆ ದೂರುಗಳು ಬಿದ್ದವು. 2023ರ ಮಾರ್ಚ್ 23ರಂದು ಸೂರತ್ ನ್ಯಾಯಾಲಯ ಕಲಮಿನಲ್ಲಿರುವ ಗರಿಷ್ಠ ಶಿಕ್ಷೆಯಾದ ಎರಡು ವರ್ಷ ಸಜೆ ವಿಧಿಸಿತು. ಮರುದಿನ ಲೋಕಸಭಾ ಸದಸ್ಯತ್ವ ಹೋಯಿತು. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ಅಪರಾಧ ನಿರ್ಣಯಕ್ಕೆ ತಡೆ ಕೊಟ್ಟಿತು, ಗರಿಷ್ಠ ಶಿಕ್ಷೆಗೆ ಕಾರಣ ಹೇಳಿಲ್ಲ ಎಂಬ ಆಧಾರದ ಮೇಲೆ. ಕೋಲಾರದ ಮಾತಿಗೆ ಸೂರತ್ ಏಕೆ ಎಂಬ ಪ್ರಶ್ನೆಗೆ ಆ ಆದೇಶದಲ್ಲಿ ಉತ್ತರ ಸಿಗಲಿಲ್ಲ.

ರಾಜಕೀಯವನ್ನು ಪಕ್ಕಕ್ಕಿಟ್ಟು ನೋಡಿದರೂ ಆ ಪ್ರಕರಣ ಒಂದು ಪಾಠ ಹೇಳುತ್ತದೆ. ಮಾತು ಗುರಿಯಿಟ್ಟ ವ್ಯಕ್ತಿ ಎಷ್ಟು ಮಸುಕೋ ನ್ಯಾಯಾಲಯಗಳು ಅಷ್ಟು ಹೆಚ್ಚುತ್ತವೆ. ಒಬ್ಬ ಅಡಿಕೆ ವ್ಯಾಪಾರಿಯ ಹೆಸರು ಹಿಡಿದು ಬೈದರೆ ಅವನ ಹೆಸರಿರುವ ಊರು ಒಂದೋ ಎರಡೋ. ಒಂದು ಅಡ್ಡಹೆಸರನ್ನು, ಒಂದು ಜಾತಿಯನ್ನು, ಒಂದು ವೃತ್ತಿಯನ್ನು ಬೈದರೆ ನೊಂದೆನೆಂದು ಹೇಳುವವರು ದೇಶದ ಎಲ್ಲ ಜಿಲ್ಲೆಗಳಲ್ಲೂ ಸಿಗುತ್ತಾರೆ. ನಟಿ ಖುಷ್ಬೂ 2005ರಲ್ಲಿ ಕೊಟ್ಟ ಸಂದರ್ಶನವೊಂದಕ್ಕೆ 23 ಕ್ರಿಮಿನಲ್ ದೂರುಗಳು ಬಿದ್ದಿದ್ದವು, ಹೆಚ್ಚಿನವು ತಮಿಳುನಾಡಿನ ಬೇರೆ ಬೇರೆ ಊರುಗಳಲ್ಲಿ. 2010ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲವನ್ನೂ ರದ್ದು ಮಾಡಿತು. ಅಷ್ಟರಲ್ಲಿ ಐದು ವರ್ಷ ಹೋಗಿತ್ತು. ಆದ್ದರಿಂದ ನ್ಯಾಯಾಲಯ ಎಲ್ಲಿ ಎಂದು ಕೇಳುವ ಮೊದಲು ಯಾರ ಹೆಸರು ಎಂದು ಕೇಳಬೇಕು. ದೂರುದಾರನನ್ನೇ ಕುರಿತ ಮಾತಲ್ಲದಿದ್ದರೆ ವ್ಯಾಪ್ತಿಯ ಚರ್ಚೆಯೇ ಬೇಕಿಲ್ಲ.

ನನ್ನ ವಾದಕ್ಕೆ ಅನುಕೂಲವಾದ ಪ್ರಕರಣಗಳನ್ನೇ ಹೇಳಿದರೆ ಪ್ರಾಮಾಣಿಕತೆ ಆಗುವುದಿಲ್ಲ. ‘ಗೌರಿ ಲಂಕೇಶ್ ಪತ್ರಿಕೆ’ ಬೆಂಗಳೂರಿನಿಂದ ಬರುತ್ತಿತ್ತು. 2008ರ ಜನವರಿಯಲ್ಲಿ ಅದರಲ್ಲಿ ಬಂದ ವರದಿಯ ಮೇಲೆ ಧಾರವಾಡದ ಸಂಸದ ಪ್ರಹ್ಲಾದ ಜೋಶಿ ಮತ್ತು ಅವರ ಪಕ್ಷದ ಇನ್ನೊಬ್ಬರು ಹುಬ್ಬಳ್ಳಿಯಲ್ಲಿ ದೂರು ಹೂಡಿದರು. ಹುಬ್ಬಳ್ಳಿಯ ಜೆಎಂಎಫ್‌ಸಿ ನ್ಯಾಯಾಲಯ 2016ರ ನವೆಂಬರ್‌ನಲ್ಲಿ ಗೌರಿಯವರಿಗೆ ಆರು ತಿಂಗಳ ಸಜೆ ಮತ್ತು ದಂಡ ವಿಧಿಸಿತು. ನನ್ನ ಅಳತೆಗೋಲಿನಲ್ಲಿ ನೋಡಿದರೆ ಹುಬ್ಬಳ್ಳಿಯೇ ಸರಿಯಾದ ಊರು. ಜೋಶಿಯವರ ಹೆಸರು ಇದ್ದದ್ದು ಅಲ್ಲಿ, ಆ ಪತ್ರಿಕೆಗೆ ಓದುಗರಿದ್ದದ್ದೂ ಅಲ್ಲಿ. ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯಲ್ಲಿ ಹುಟ್ಟಿದ ಪಿ. ಲಂಕೇಶರು 1980ರಲ್ಲಿ ಪತ್ರಿಕೆ ಶುರು ಮಾಡಿದಾಗ ರಾಜ್ಯದ ಮೂಲೆಮೂಲೆಯ ಓದುಗನನ್ನೇ ನೆಚ್ಚಿಕೊಂಡಿದ್ದರು. ಮಗಳು ಗೌರಿಯವರ ಪತ್ರಿಕೆಯೂ ಹಾಗೆಯೇ. ಓದುಗನಿರುವ ಊರಿನಲ್ಲಿ ಉತ್ತರ ಕೊಡಲಾರೆ ಎಂದು ಪತ್ರಿಕೆ ಹೇಳಲು ಬರುವುದಿಲ್ಲ.

ಆದರೂ ವರದಿಯಿಂದ ತೀರ್ಪಿನವರೆಗೆ ಎಂಟು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ತೀರ್ಪು ಬಂದು ಹತ್ತು ತಿಂಗಳಾಗುವ ಮೊದಲೇ, 2017ರ ಸೆಪ್ಟೆಂಬರ್ 5ರಂದು, ಗೌರಿಯವರ ಕೊಲೆಯಾಯಿತು. ಸರಿಯಾದ ಊರಿನಲ್ಲಿ ನಡೆದ ವಿಚಾರಣೆಯೂ ಇಷ್ಟು ಎಳೆದಾಡಬಲ್ಲದು ಎಂದರೆ ಊರನ್ನು ಸರಿಯಾಗಿ ಆರಿಸಿದರೆ ಸಾಲದು, ದೂರದ ಭಾರವನ್ನೂ ಇಳಿಸಬೇಕು. ವಕೀಲರ ಮೂಲಕ ಹಾಜರಾಗಲು ಮ್ಯಾಜಿಸ್ಟ್ರೇಟರು ಅನುಮತಿ ಕೊಡುವ ಅವಕಾಶ ಕಾನೂನಿನಲ್ಲಿ ಮೊದಲಿನಿಂದ ಇದೆ. ಈಗ ವಿಡಿಯೊ ಮೂಲಕವೂ ಹಾಜರಾಗಬಹುದು. ಮಾನನಷ್ಟದ ಖಾಸಗಿ ದೂರುಗಳಲ್ಲಿ ಅದು ಕೇಳಿದವರಿಗೆ ಸಿಗುವ ಕೃಪೆ ಆಗಬಾರದು, ಸಾಮಾನ್ಯ ಕ್ರಮ ಆಗಬೇಕು.

ಶಾಸನಕ್ಕೂ ಈ ಭಾರದ ಅರಿವು ಇಲ್ಲದಿಲ್ಲ. ಆರೋಪಿ ಬೇರೆ ಊರಿನವನಾಗಿದ್ದರೆ ಸಮನ್ಸ್ ಕಳಿಸುವ ಮೊದಲು ಮ್ಯಾಜಿಸ್ಟ್ರೇಟರು ತಾವೇ ವಿಚಾರಿಸಬೇಕು, ಇಲ್ಲವೇ ಪೊಲೀಸರಿಂದಲೋ ಬೇರೆಯವರಿಂದಲೋ ತನಿಖೆ ಮಾಡಿಸಲೇಬೇಕು ಎಂದು 2005ರ ತಿದ್ದುಪಡಿ ಹೇಳಿತು. ದೂರದವರನ್ನು ಸುಳ್ಳು ದೂರಿನಿಂದ ಸತಾಯಿಸುವುದನ್ನು ತಡೆಯುವುದೇ ಅದರ ಉದ್ದೇಶ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 202ನೇ ಕಲಮಾಗಿದ್ದ ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 225. ಮರಾಠಿ ದಿನಪತ್ರಿಕೆ ‘ಸಕಾಳ’ದ ವರದಿಯ ಮೇಲೆ ಕರ್ನಾಟಕದಲ್ಲಿ ಸೇವೆಯಲ್ಲಿದ್ದ ಐಪಿಎಸ್ ಅಧಿಕಾರಿಯೊಬ್ಬರು ಕೊಲ್ಹಾಪುರದಲ್ಲಿ ದೂರು ಕೊಟ್ಟಿದ್ದರು, ಆರೋಪಿಗಳಲ್ಲಿ ಒಬ್ಬರಾದ ಅಭಿಜಿತ್ ಪವಾರ್ ಪುಣೆಯವರು. ಈ ವಿಚಾರಣೆ ಕಡ್ಡಾಯ, ಅದಿಲ್ಲದೆ ಹೊರಡಿಸಿದ ಸಮನ್ಸ್ ನಿಲ್ಲದು ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಹೇಳಿತು. ಹೊಸ ಸಂಹಿತೆಯ 223ನೇ ಕಲಮು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ: ಖಾಸಗಿ ದೂರನ್ನು ಪರಿಗಣಿಸುವ ಮೊದಲು ಆರೋಪಿಯ ಮಾತನ್ನೂ ಕೇಳಬೇಕು. ಆ ಕ್ರಮ ಹೇಗಿರಬೇಕೆಂದು ನಮ್ಮ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ವಿವರಿಸಿದ್ದೂ ಒಂದು ಮಾನನಷ್ಟ ಪ್ರಕರಣದಲ್ಲೇ, ಬಸನಗೌಡ ಪಾಟೀಲ ಯತ್ನಾಳ ವಿರುದ್ಧ ಶಿವಾನಂದ ಪಾಟೀಲರು ಹೂಡಿದ್ದ ದೂರಿನಲ್ಲಿ. ಇಬ್ಬರೂ ವಿಜಯಪುರ ಜಿಲ್ಲೆಯ ಶಾಸಕರು. ಆ ಮೊದಲ ನೋಟಿಸಿನ ಹಂತದಲ್ಲೇ ವ್ಯಾಪ್ತಿಯ ಆಕ್ಷೇಪಣೆಯನ್ನೂ ಕೇಳಿ ತೀರ್ಮಾನಿಸಿದರೆ ಎಷ್ಟೋ ಜನರ ಪ್ರಯಾಣ ಉಳಿಯುತ್ತದೆ.

ನಮ್ಮ ಸೊರಬದವರಿಗೆ ಗಡಿ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ತಾಲ್ಲೂಕು ದಾಟಿದರೆ ಬನವಾಸಿ. ಅಲ್ಲಿನ ತೇರಿಗೆ ಇಲ್ಲಿಯವರು ಹೋಗುತ್ತಾರೆ, ಹೆಣ್ಣು ಗಂಡು ಕೊಟ್ಟು ತಂದು ನಡೆದಿದೆ. ಆದರೆ ಬನವಾಸಿ ಉತ್ತರ ಕನ್ನಡ ಜಿಲ್ಲೆ, ಹೈಕೋರ್ಟಿನ ಧಾರವಾಡ ಪೀಠದ ವ್ಯಾಪ್ತಿ. ಸೊರಬ ಶಿವಮೊಗ್ಗ ಜಿಲ್ಲೆ, ಬೆಂಗಳೂರು ಪೀಠದ ವ್ಯಾಪ್ತಿ. ಮೊದಲು ಹೇಳಿದ ಅಡಿಕೆ ವ್ಯಾಪಾರಿಯ ದಾವೆ ಬನವಾಸಿಯ ತಾಲ್ಲೂಕು ಕೇಂದ್ರವಾದ ಶಿರಸಿಯಲ್ಲಿ ಬಿದ್ದರೆ ಮೇಲ್ಮನವಿ ಒಂದು ದಿಕ್ಕಿಗೆ, ಸೊರಬದಲ್ಲಿ ಬಿದ್ದರೆ ಇನ್ನೊಂದು ದಿಕ್ಕಿಗೆ ಹೋಗುತ್ತದೆ. ವಿಡಿಯೊ ಮಾಡಿದವನು ಅಮೆರಿಕದಲ್ಲಿರುವ ಊರಿನ ಹುಡುಗನಾಗಿದ್ದರೆ ಕಷ್ಟ ಇನ್ನೂ ಬೇರೆ. ಸೊರಬದ ಡಿಕ್ರಿಯನ್ನು ಅಲ್ಲಿ ನೇರವಾಗಿ ಜಾರಿ ಮಾಡಿಸಲಾಗದು. ತಮ್ಮ ವಾಕ್ ಸ್ವಾತಂತ್ರ್ಯದ ಮಟ್ಟಕ್ಕೆ ನಿಲ್ಲದ ವಿದೇಶಿ ಮಾನನಷ್ಟ ತೀರ್ಪುಗಳನ್ನು ಒಪ್ಪಬಾರದೆಂದು ಆ ದೇಶ 2010ರಲ್ಲಿ ಕಾಯ್ದೆಯನ್ನೇ ಮಾಡಿಕೊಂಡಿದೆ.

ಸಿವಿಲ್ ಪ್ರಕ್ರಿಯೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ರಾಷ್ಟ್ರಪತಿಗಳ ಅಂಕಿತ ಪಡೆದು ಕರ್ನಾಟಕವೇ 19ನೇ ಕಲಮಿಗೆ ಒಂದು ತಿದ್ದುಪಡಿ ತರಬಹುದು. ಮಾನನಷ್ಟದ ದಾವೆ ಹೂಡುವವನು ತನ್ನನ್ನು ಬಲ್ಲ ಯಾರು, ಆ ನ್ಯಾಯಾಲಯದ ಎಲ್ಲೆಯೊಳಗೆ ಎಲ್ಲಿ, ಆ ಮಾತನ್ನು ಓದಿದರು ಅಥವಾ ಕೇಳಿದರು ಎಂದು ವಾದಪತ್ರದಲ್ಲೇ ಹೆಸರಿಸಬೇಕು. ದಾವೆಗಾಗಿ ಓದಿಸಿದ ಓದುಗ ಲೆಕ್ಕಕ್ಕಿಲ್ಲ. ಅದೇ ಮಾತಿಗೆ ಬೇರೆಲ್ಲೂ ದಾವೆ ಹೂಡುವುದಿಲ್ಲವೆಂದು ಗಟ್ನಿಕ್ ಕೊಟ್ಟಂಥ ಮುಚ್ಚಳಿಕೆ ಬರೆದುಕೊಡಬೇಕು. ಇಷ್ಟಾದರೆ ಅಂಗನವಾಡಿಯ ಆ ತಾಯಿಗೆ ಸೊರಬದ ಬಾಗಿಲು ತೆರೆದೇ ಇರುತ್ತದೆ, ಜೋಳದ ರೈತನಿಗೆ ಬೆಂಗಳೂರಿನ ಸಮನ್ಸ್ ಬರುವುದಿಲ್ಲ. ನಮ್ಮ ಶಾಸಕರೂ ವಕೀಲರ ಸಂಘಗಳೂ ಇದನ್ನು ಕೈಗೆತ್ತಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಅಲ್ಲಿಯವರೆಗೆ ಓದುಗರಿಗೆ ಒಂದು ಮಾತು. ದೂರದ ಊರಿನಿಂದ ಇಂಥ ದಾವೆಯ ಸಮನ್ಸ್ ಬಂದರೆ ಅಲಕ್ಷ್ಯ ಮಾಡಬೇಡಿ, ಹೆದರಿ ರಾಜಿಗೂ ಹೋಗಬೇಡಿ. ಊರಿನ ಬಗ್ಗೆ ಇರುವ ಆಕ್ಷೇಪಣೆಯನ್ನು ಸಾಧ್ಯವಾದಷ್ಟು ಬೇಗ, ವಿವಾದಾಂಶಗಳನ್ನು ನಿಗದಿ ಮಾಡುವುದರೊಳಗೆ ಎತ್ತಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಕಲಮು ಹೇಳುತ್ತದೆ. ತಡಮಾಡಿದರೆ ಮೇಲಿನ ನ್ಯಾಯಾಲಯದಲ್ಲಿ ಅದನ್ನು ಕೇಳಿಸಿಕೊಳ್ಳುವುದು ಅಪರೂಪ. ಆಕ್ಷೇಪಣೆ ಒಪ್ಪಿಗೆಯಾದರೆ ಏಳನೇ ಆದೇಶದ ಹತ್ತನೇ ನಿಯಮದಂತೆ ವಾದಪತ್ರವನ್ನು ಸರಿಯಾದ ನ್ಯಾಯಾಲಯಕ್ಕೆ ಹಾಕಿಕೊಳ್ಳಲು ವಾಪಸು ಕೊಡುತ್ತಾರೆ. ನಿಮ್ಮ ವಕೀಲರು ಸಲ್ಲಿಸುವ ಮೊದಲ ಅರ್ಜಿ ಅದೇ ಆಗಿರಲಿ.